ಮಗಳ ಮೊದಲ ಎಲೆಕ್ಟ್ರಿಕ್ ಗಿಟಾರ್: 20 ಸಾವಿರದ ಲೆಕ್ಕ

ಚೀಟಿ ದುಡ್ಡು 20 ಸಾವಿರ ಕೈಗೆ ಬಂತು. ಮಗಳು ಎಲೆಕ್ಟ್ರಿಕ್ ಗಿಟಾರ್ ಕೇಳಿದಳು. ಇಂದಿರಾನಗರದ ಅಂಗಡಿಯಲ್ಲಿ ಅಷ್ಟನ್ನೂ ಗಿಟಾರ್‌ಗೇ ಸುರಿದರೆ ಆಂಪ್‌ಗೆ ಏನು ಗತಿ? ಇದರ ಒಡಲು ಗಟ್ಟಿ ಮರ, ಪೊಳ್ಳಿಲ್ಲ. ಆಂಪ್ ಇಲ್ಲದೆ ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸಲ್ಲ. ಅದಕ್ಕೇ ಗಿಟಾರ್‌ಗೆ 13, ಆಂಪ್‌ಗೆ 5, ಕೇಬಲ್ ಮತ್ತು ಸೆಟಪ್‌ಗೆ 2 ಸಾವಿರ ಅಂತ ಹಂಚಿದೆವು. ಹಲಸೂರಿನಲ್ಲಿ ಗೋಡೆಗೆ ಗೋಡೆ ತಾಗಿದ ಮನೆ ನಮ್ಮದು, ಹೆಡ್‌ಫೋನ್ ಸಿಕ್ಕಿಸೋ ಆಂಪನ್ನೇ ಆರಿಸಿದೆವು.

ಕೊಳ್ಳುವಾಗ ನೀವೂ ನೋಡಿ: ಯಾವ ಫ್ರೆಟ್ ಒತ್ತಿದರೂ ತಂತಿ ಗರಗರ ಅನ್ನಬಾರದು. 12ನೇ ಫ್ರೆಟ್‌ನಲ್ಲಿ ಖಾಲಿ ತಂತಿಯ ಸ್ವರವೇ ಒಂದು ಸ್ಥಾಯಿ ಮೇಲೆ ಬರಬೇಕು. ತಂತಿ ತೀರಾ ಎತ್ತರವಿದ್ದರೆ ಸೆಟಪ್‌ನಲ್ಲಿ ಇಳಿಸಿಸಿ.

ಬಣ್ಣ ಕೊನೆಗೆ ನೋಡಿ. ಬೆರಳು ನೋಯಿಸೋ ಗಿಟಾರ್ ಎಷ್ಟೇ ಚೆಂದವಿರಲಿ, ಮಕ್ಕಳು ಮೂಲೆಗಿಡ್ತಾರೆ.