ಫ್ಯಾನ್ ಏಕೆ ತಿರುಗುತ್ತಿಲ್ಲ?

ಮಕ್ಕಳೇ, ಸಿಗ್ನಲ್‌ನಲ್ಲಿ ನಿಂತ ಕೆಲವು ಮೋಟಾರ್ ಸೈಕಲ್‌ಗಳಿಂದ ಇದ್ದಕ್ಕಿದ್ದಂತೆ ‘ಸುಯ್’ ಎಂಬ ಸದ್ದು ಬರುವುದನ್ನು ಕೇಳಿದ್ದೀರಾ? ಅದು ಎಂಜಿನ್ ತಣಿಸುವ ಫ್ಯಾನಿನ ಸದ್ದು. ಒಂದು ಸಂಜೆ ಬೆಂಗಳೂರಿನ ಕುಮಾರ ಪಾರ್ಕ್ ಬಳಿಯ ಶಿವಾನಂದ ವೃತ್ತದಲ್ಲಿ ನನ್ನ ಸ್ನೇಹಿತರ ಬೈಕಿನಿಂದ ಈ ಸದ್ದು ಬರಲೇ ಇಲ್ಲ. ಬದಲಿಗೆ, ಎಂಜಿನ್ ಅತಿಯಾಗಿ ಕಾದಿದೆ ಎಂದು ಎಚ್ಚರಿಸುವ ಕೆಂಪು ದೀಪ ಹೊತ್ತಿಕೊಂಡಿತು. ಕೂಡಲೇ ಎಂಜಿನ್ ನಿಲ್ಲಿಸಿ ಬೈಕನ್ನು ರಸ್ತೆಯ ಬದಿಗೆ ತಳ್ಳಿದೆವು. ಹಾಗೆಯೇ ಓಡಿಸಿದ್ದರೆ ಪಿಸ್ಟನ್ ಹಿಗ್ಗಿ, ಸಿಲಿಂಡರಿನೊಳಗೆ ಸಿಕ್ಕಿಕೊಳ್ಳುವ ಅಪಾಯವಿತ್ತು.

ಫ್ಯಾನ್ ಏಕೆ ಬೇಕು?

ಪೆಟ್ರೋಲ್ ಉರಿದಾಗ ಸಿಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಶಾಖವಾಗಿಯೇ ಹೋಗುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿ ಬೈಕುಗಳಿಗೆ ಫ್ಯಾನ್ ಇರಲಿಲ್ಲ. ಎಂಜಿನ್ ಸುತ್ತಲಿನ ಲೋಹದ ರೆಕ್ಕೆಗಳೇ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತಿದ್ದವು. ಇಂದಿನ ಹಲವು ಬೈಕುಗಳಲ್ಲಿ ಕೂಲೆಂಟ್ ಎಂಬ ದ್ರವ ಎಂಜಿನ್ನಿನ ಶಾಖವನ್ನು ಹೊತ್ತು ರೇಡಿಯೇಟರ್‌ಗೆ ತರುತ್ತದೆ. ಬೈಕು ಓಡುವಾಗ ಎದುರುಗಾಳಿ ರೇಡಿಯೇಟರನ್ನು ತಣಿಸುತ್ತದೆ. ಬೈಕು ನಿಂತರೆ ಗಾಳಿ ಎಲ್ಲಿಂದ ಬರಬೇಕು? ಆಗ ಫ್ಯಾನ್ ಬೇಕು.

ಮುಟ್ಟುವ ಮುನ್ನ ಯೋಚಿಸಿ

ಸ್ನೇಹಿತರು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಅಷ್ಟರಲ್ಲಿ ಬಂದ ಮೆಕ್ಯಾನಿಕ್, “ಮುಟ್ಟಬೇಡಿ ಸಾರ್, ಮುಖಕ್ಕೆ ಎಗರುತ್ತೆ!” ಎಂದರು. ಏಕೆ ಗೊತ್ತೇ? ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಕೂಲೆಂಟ್ ಅದಕ್ಕಿಂತ ಹೆಚ್ಚು ಬಿಸಿಯಾದರೂ ಕುದಿಯದಂತೆ ಮುಚ್ಚಳದ ಒಳಗಿನ ಒತ್ತಡ ತಡೆಯುತ್ತದೆ. ಮುಚ್ಚಳ ತೆರೆದರೆ ಒತ್ತಡ ಇಳಿದು, ದ್ರವ ಒಮ್ಮೆಲೇ ಕುದಿದು ಚಿಮ್ಮುತ್ತದೆ. ಪ್ರೆಷರ್ ಕುಕ್ಕರನ್ನು ನೆನಪಿಸಿಕೊಳ್ಳಿ!

ಒಂದೊಂದಾಗಿ ಹುಡುಕಾಟ

ಎಂಜಿನ್ ತಣ್ಣಗಾದ ಮೇಲೆ ಮೆಕ್ಯಾನಿಕ್ ಕೆಲಸ ಶುರು ಮಾಡಿದರು.

1. ಫ್ಯಾನ್ ತಿರುಗಲೇಬೇಕಿತ್ತೇ? ಬೈಕು ಚಾಲೂ ಮಾಡಿದ ಕೂಡಲೇ ಫ್ಯಾನ್ ತಿರುಗುವುದಿಲ್ಲ. ಕೂಲೆಂಟ್ ಸುಮಾರು 100 ಡಿಗ್ರಿ ಮುಟ್ಟಿದಾಗ ತಿರುಗುತ್ತದೆ. ಇಲ್ಲಿ ಕೆಂಪು ದೀಪ ಹೊತ್ತಿತ್ತು. ಆದ್ದರಿಂದ ತಿರುಗಲೇಬೇಕಿತ್ತು.

2. ಕೂಲೆಂಟ್ ಇದೆಯೇ? ಅದು ಕಡಿಮೆಯಾದರೆ ಬಿಸಿ ಅಳೆಯುವ ಸೆನ್ಸರ್‌ಗೆ ದ್ರವ ತಾಗದೆ, ಶಾಖ ಸರಿಯಾಗಿ ತಿಳಿಯುವುದಿಲ್ಲ. ಕೂಲೆಂಟ್ ಸಾಕಷ್ಟಿತ್ತು.

3. ಫ್ಯೂಸ್ ಸರಿಯಿದೆಯೇ? ವಿದ್ಯುತ್ ಹೆಚ್ಚಾಗಿ ಹರಿದರೆ ಫ್ಯೂಸಿನ ತೆಳು ತಂತಿ ಕರಗಿ, ಉಳಿದ ಭಾಗಗಳನ್ನು ಕಾಪಾಡುತ್ತದೆ. ಅದರ ಜಾಗದಲ್ಲಿ ದಪ್ಪ ತಂತಿ ಹಾಕಿದರೆ ಬೆಂಕಿ ಹತ್ತಬಹುದು. ಇಲ್ಲಿ ಫ್ಯೂಸ್ ಕರಗಿರಲಿಲ್ಲ.

4. ಫ್ಯಾನ್ ಕೆಟ್ಟಿದೆಯೇ? ಅದರ ತಂತಿಗಳನ್ನು ಬಿಡಿಸಿ, ಬೈಕಿನ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸಿದರು. ಸುಯ್ ಎಂದು ತಿರುಗಿತು! ಅಂದರೆ ಬ್ಯಾಟರಿಯಲ್ಲೂ ಫ್ಯಾನಿನಲ್ಲೂ ದೋಷವಿಲ್ಲ. ಅವೆರಡರ ನಡುವಿನ ದಾರಿಯಲ್ಲಿ ಎಲ್ಲೋ ತಡೆಯಿದೆ.

5. ತಡೆ ಎಲ್ಲಿ? ಆ ದಾರಿಯಲ್ಲಿ ರಿಲೇ ಎಂಬ ಸ್ವಿಚ್ ಇರುತ್ತದೆ. ಸಣ್ಣ ವಿದ್ಯುತ್ ಪ್ರವಾಹ ಅದರೊಳಗಿನ ಸುರುಳಿಯನ್ನು ಆಯಸ್ಕಾಂತವಾಗಿಸಿದಾಗ, ಫ್ಯಾನಿಗೆ ಬೇಕಾದ ದೊಡ್ಡ ಪ್ರವಾಹದ ಬಾಗಿಲು ತೆರೆಯುತ್ತದೆ. ರಿಲೇ ಕಳಚಿ ನೋಡಿದರೆ ಅದು ಕೂರುವ ಜಾಗದಲ್ಲಿ ಮಳೆನೀರು ಸೇರಿ ಹಸಿರು ಕಿಲುಬು ಹಿಡಿದಿತ್ತು! ಕಿಲುಬಿನ ಮೂಲಕ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ.

ಕಿಲುಬು ಉಜ್ಜಿ ತೆಗೆದು, ಎಂಜಿನ್ ಚಾಲೂ ಮಾಡಿ ಕಾದೆವು. ಕೆಲವು ನಿಮಿಷಗಳ ನಂತರ ಫ್ಯಾನ್ ತಾನಾಗಿಯೇ ತಿರುಗಿತು. “ಹೊಸ ಫ್ಯಾನ್ ಹಾಕಿಸೋಣ ಅಂದಿದ್ರಲ್ಲ ಸಾರ್, ದುಡ್ಡು ದಂಡ ಆಗ್ತಿತ್ತು” ಎಂದು ಮೆಕ್ಯಾನಿಕ್ ನಕ್ಕರು. ಅವರು ಊಹೆಯನ್ನು ನಂಬಲಿಲ್ಲ. ಒಂದು ಸಲಕ್ಕೆ ಒಂದನ್ನೇ ಪರೀಕ್ಷಿಸಿದರು. ವಿಜ್ಞಾನದ ವಿಧಾನವೂ ಇದೇ.

ಮಾಡಿ ನೋಡಿ

ಟಾರ್ಚಿನ ಸೆಲ್, ಸ್ವಿಚ್, ತಂತಿ ಮತ್ತು ಆಟಿಕೆಯ ಪುಟ್ಟ ಮೋಟಾರು ಜೋಡಿಸಿ. ನೀವು ನೋಡದಿರುವಾಗ ಗೆಳೆಯರು ಅದರಲ್ಲಿ ಒಂದು ದೋಷ ಮಾಡಲಿ: ತಂತಿಯ ತುದಿಗೆ ಕಾಗದ ಸುತ್ತಬಹುದು, ಹಳೆಯ ಸೆಲ್ ಇಡಬಹುದು. ಒಂದೊಂದೇ ಭಾಗ ಪರೀಕ್ಷಿಸಿ ದೋಷ ಹುಡುಕಿ, ಪ್ರತಿ ಹೆಜ್ಜೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಮನೆಯ ವಿದ್ಯುತ್ತಿನಿಂದ ಮಾತ್ರ ಈ ಪ್ರಯೋಗ ಖಂಡಿತ ಬೇಡ.