ಟರ್ಬೊ ಎಂಜಿನ್‌ಗೆ ಎಣ್ಣೆ ಹಿಡಿಯುವ ಡಬ್ಬಿ: ಯಾರಿಗೆ ಬೇಕು, ಯಾರಿಗೆ ಬೇಡ?

ಹಿಡಿಯಷ್ಟು ಗಾತ್ರದ ಒಂದು ಅಲ್ಯೂಮಿನಿಯಂ ಡಬ್ಬಿ, ಅದಕ್ಕೆ ಎರಡು ರಬ್ಬರ್ ಪೈಪು, ತಳದಲ್ಲಿ ಎಣ್ಣೆ ಬಸಿಯಲು ಒಂದು ತಿರುಪು. ‘ಆಯಿಲ್ ಕ್ಯಾಚ್ ಕ್ಯಾನ್’ ಎಂದು ಕರೆಯಲಾಗುವ ಸಾಧನ ಮೇಲ್ನೋಟಕ್ಕೆ ಇಷ್ಟೇ. ಹಿಂದೆ ಹೆಚ್ಚಾಗಿ ರೇಸ್ ಕಾರುಗಳ ಬಾನೆಟ್‌ನಡಿ ಕಾಣಸಿಗುತ್ತಿದ್ದ ಇದನ್ನು ಈಗ ಸಾಮಾನ್ಯ ಟರ್ಬೊ ಕಾರುಗಳ ಮಾಲೀಕರೂ ಹಾಕಿಸಿಕೊಳ್ಳುತ್ತಿದ್ದಾರೆ. ಎಂಜಿನ್ ಹೆಚ್ಚು ಕಾಲ ಬಾಳುತ್ತದೆ, ಮೈಲೇಜ್ ಸುಧಾರಿಸುತ್ತದೆ, ವಾಲ್ವ್‌ಗಳಿಗೆ ಕಿಟ್ಟ ಕಟ್ಟುವುದಿಲ್ಲ ಎಂಬುದು ಮಾರುವವರ ಮಾತು. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಎಲ್ಲ ಎಂಜಿನ್‌ಗಳಿಗೂ ಅದು ಒಂದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ತಪ್ಪಾಗಿ ಜೋಡಿಸಿದ ಡಬ್ಬಿಯಿಂದ ಆಗುವ ಹಾನಿ, ಡಬ್ಬಿಯೇ ಇಲ್ಲದಿದ್ದರೆ ಆಗುವ ಹಾನಿಗಿಂತ ದೊಡ್ಡದಾಗಿರಲೂಬಹುದು.

ಎಣ್ಣೆ ಬರುವುದೆಲ್ಲಿಂದ?

ಸಿಲಿಂಡರ್‌ನಲ್ಲಿ ಇಂಧನ ಉರಿದಾಗ ಉಂಟಾಗುವ ಒತ್ತಡ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ ಸುತ್ತಲಿನ ರಿಂಗ್‌ಗಳು ಎಷ್ಟೇ ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಅವುಗಳ ಸಂದಿಯಿಂದ ನುಸುಳಿ, ಕ್ರ್ಯಾಂಕ್ ಶಾಫ್ಟ್ ಇರುವ ಕೆಳಕೋಣೆಯನ್ನು ಸೇರುತ್ತದೆ. ಇದಕ್ಕೆ ‘ಬ್ಲೋ-ಬೈ’ ಎಂದು ಹೆಸರು. ಇದು ಹೊಸ ಎಂಜಿನ್‌ನಲ್ಲಿಯೂ ಇರುವಂಥದ್ದೇ. ರಿಂಗ್ ಸವೆದಂತೆ ಹೆಚ್ಚುತ್ತದೆ. ಈ ಅನಿಲದಲ್ಲಿ ಉರಿಯದ ಪೆಟ್ರೋಲ್, ನೀರಾವಿ, ಆಮ್ಲದ ಅಂಶಗಳು ಇರುತ್ತವೆ. ಕೆಳಕೋಣೆಯಲ್ಲಿ ರಭಸದಿಂದ ಸಿಡಿಯುತ್ತಿರುವ ಎಂಜಿನ್ ಆಯಿಲ್‌ನ ಸೂಕ್ಷ್ಮ ಹನಿಗಳೂ ಅದರೊಡನೆ ಬೆರೆಯುತ್ತವೆ. ಇದನ್ನು ಹೊರಕ್ಕೆ ಬಿಡದೆ ಕೂಡಿಟ್ಟರೆ ಒತ್ತಡ ಏರಿ ಆಯಿಲ್ ಸೀಲ್‌ಗಳು ಕಿತ್ತುಬರುತ್ತವೆ.

ಹಳೆಯ ಕಾಲದ ಕಾರುಗಳಲ್ಲಿ ಒಂದು ಕೊಳವೆಯ ಮೂಲಕ ಈ ಹೊಗೆಯನ್ನು ನೇರವಾಗಿ ರಸ್ತೆಗೇ ಬಿಡಲಾಗುತ್ತಿತ್ತು. ಅಮೆರಿಕದ ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಕಂದು ಮಬ್ಬಿಗೆ ವಾಹನಗಳ ಹೈಡ್ರೋಕಾರ್ಬನ್ ಕಾರಣವೆಂದು ರಸಾಯನ ವಿಜ್ಞಾನಿ ಆರಿ ಹಾಗೆನ್-ಸ್ಮಿಟ್ 1950ರ ದಶಕದಲ್ಲಿ ತೋರಿಸಿಕೊಟ್ಟರು. ಕಾರೊಂದು ಹೊರಸೂಸುತ್ತಿದ್ದ ಹೈಡ್ರೋಕಾರ್ಬನ್‌ನ ಸುಮಾರು ಐದನೆಯ ಒಂದು ಭಾಗ ಈ ಕೊಳವೆಯಿಂದಲೇ ಬರುತ್ತಿತ್ತು. ಹೀಗಾಗಿ 1960ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಹೊಸ ಕಾರುಗಳಿಗೆ, ಅನಂತರ ಇತರೆಡೆಗೂ ‘ಪಿಸಿವಿ’ ವ್ಯವಸ್ಥೆ ಬಂತು. ಕೆಳಕೋಣೆಯ ಅನಿಲವನ್ನು ಮತ್ತೆ ಎಂಜಿನ್ನೇ ಎಳೆದುಕೊಂಡು ಸುಡುವಂತೆ ಮಾಡುವುದು ಇದರ ಕೆಲಸ. ವಾಹನ ಮಾಲಿನ್ಯ ನಿಯಂತ್ರಣದ ಚರಿತ್ರೆಯಲ್ಲಿ ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಟ್ಟ ಉಪಾಯಗಳು ವಿರಳ. ಗಾಳಿಯ ಸಮಸ್ಯೆ ಹೀಗೆ ಬಗೆಹರಿಯಿತು. ಆದರೆ ಅನಿಲದೊಂದಿಗೆ ಬಂದ ಎಣ್ಣೆಯ ಮಂಜು ಎಂಜಿನ್‌ನ ಉಸಿರ್ನಾಳದಲ್ಲೇ ಉಳಿಯಿತು.

ಟರ್ಬೊ ಎಂಜಿನ್‌ನಲ್ಲಿ ಈ ತೊಂದರೆ ಹೆಚ್ಚು. ಭಾರತದಲ್ಲಿ ಮಾರಾಟವಾಗುವ ಫೋಕ್ಸ್‌ವ್ಯಾಗನ್ ಟೈಗುನ್, ಸ್ಕೋಡಾ ಕುಶಾಕ್ ಕಾರುಗಳ ಒಂದು ಲೀಟರ್ ಎಂಜಿನ್ 115 ಪಿಎಸ್ ಶಕ್ತಿ ನೀಡುತ್ತದೆ. ಅಷ್ಟು ಪುಟ್ಟ ಎಂಜಿನ್‌ನಿಂದ ಅಷ್ಟು ಶಕ್ತಿ ಬರಬೇಕಾದರೆ ಸಿಲಿಂಡರ್‌ನೊಳಗಿನ ಒತ್ತಡವೂ ಹೆಚ್ಚಿರಲೇಬೇಕು. ಒತ್ತಡ ಹೆಚ್ಚಿದಷ್ಟೂ ನುಸುಳುವ ಅನಿಲ ಹೆಚ್ಚು. ಸಿಗ್ನಲ್‌ನಲ್ಲಿ ಕಾರು ನಿಂತಿರುವಾಗ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಎಳೆತದಿಂದ ಈ ಅನಿಲ ಸುಲಭವಾಗಿ ಒಳಹೋಗುತ್ತದೆ. ಶಿರಾಡಿ ಅಥವಾ ಚಾರ್ಮಾಡಿಯಂಥ ಘಟ್ಟ ಹತ್ತುವಾಗ ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತಿರುವುದರಿಂದ ಆ ದಾರಿ ಮುಚ್ಚಿಕೊಳ್ಳುತ್ತದೆ. ಆಗ ಅನಿಲ ಇನ್ನೊಂದು ಪೈಪಿನ ಮೂಲಕ ಟರ್ಬೊದ ಬಾಯಿಗೆ ಸೇರಿ, ಅದರ ಚಕ್ರವನ್ನೂ ಇಂಟರ್‌ಕೂಲರನ್ನೂ ದಾಟಿ ವಾಲ್ವ್ ತಲುಪುತ್ತದೆ. ಟರ್ಬೊ ಕಾರುಗಳ ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ತೆಳುವಾದ ಜಿಡ್ಡು ಕಾಣುವುದು ಇದರಿಂದಲೇ. ಅದನ್ನು ಕಂಡ ಮಾತ್ರಕ್ಕೆ ಟರ್ಬೊ ಕೆಟ್ಟಿತೆಂದು ಗಾಬರಿ ಬೀಳಬೇಕಿಲ್ಲ.

ನಿರ್ಣಾಯಕ ಪ್ರಶ್ನೆ ಇಂಧನ ಸಿಂಪಡಿಕೆಯದು

ಕ್ಯಾಚ್ ಕ್ಯಾನ್ ಬೇಕೇ ಎಂಬುದನ್ನು ನಿರ್ಧರಿಸುವುದು ಟರ್ಬೊ ಇದೆಯೇ ಎಂಬುದಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಎಲ್ಲಿ ಸಿಂಪಡಣೆಯಾಗುತ್ತದೆ ಎಂಬುದು. ಸಾಂಪ್ರದಾಯಿಕ ಎಂಜಿನ್‌ಗಳಲ್ಲಿ ಇಂಜೆಕ್ಟರ್ ವಾಲ್ವ್‌ನ ಹಿಂಬದಿಗೆ ಪೆಟ್ರೋಲ್ ಸಿಂಪಡಿಸುತ್ತದೆ. ಪೆಟ್ರೋಲ್ ಒಳ್ಳೆಯ ದ್ರಾವಕವಾದ್ದರಿಂದ ವಾಲ್ವ್‌ಗೆ ಅಂಟಿದ ಎಣ್ಣೆ ದಿನವೂ ತೊಳೆದುಹೋಗುತ್ತದೆ. ಟಾಟಾ ನೆಕ್ಸಾನ್‌ನ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ ಈ ಬಗೆಯದು. ಟೈಗುನ್, ಕುಶಾಕ್, ಹ್ಯುಂಡೈ ವೆನ್ಯೂನ ಒಂದು ಲೀಟರ್ ಟರ್ಬೊ, ಮಹೀಂದ್ರ ಎಕ್ಸ್‌ಯುವಿ 700ರ ಪೆಟ್ರೋಲ್ ಎಂಜಿನ್ ಇವೆಲ್ಲ ಸಿಲಿಂಡರ್‌ನೊಳಕ್ಕೇ ಇಂಧನ ಸಿಂಪಡಿಸುವ ‘ಡೈರೆಕ್ಟ್ ಇಂಜೆಕ್ಷನ್’ ವರ್ಗಕ್ಕೆ ಸೇರಿದವು. ಇವುಗಳ ವಾಲ್ವ್ ಹಿಂಬದಿಗೆ ಪೆಟ್ರೋಲ್ ತಾಗುವುದೇ ಇಲ್ಲ. ಅಂಟಿದ ಎಣ್ಣೆ ವಾಲ್ವ್‌ನ ಶಾಖಕ್ಕೆ ಬೆಂದು ಗಟ್ಟಿ ಮಸಿಯಾಗುತ್ತದೆ. ಅದು ಬೆಳೆದಂತೆ ಗಾಳಿಯ ಹರಿವು ಕೆಡುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುತ್ತದೆ, ಎಳೆತ ಕುಗ್ಗುತ್ತದೆ. ಪೆಟ್ರೋಲ್‌ಗೆ ಬೆರೆಸುವ ಕ್ಲೀನರ್‌ಗಳಿಂದ ಈ ಮಸಿ ಹೋಗದು, ಏಕೆಂದರೆ ಅವು ಅಲ್ಲಿಗೆ ತಲುಪುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯೊತ್ತಡದಿಂದ ಹಾಯಿಸಿ ಕೆರೆದು ತೆಗೆಯಬೇಕಾಗುತ್ತದೆ. ಟೊಯೊಟಾ ಕಂಪನಿ ತನ್ನ ಕೆಲವು ಎಂಜಿನ್‌ಗಳಿಗೆ ಎರಡೂ ಬಗೆಯ ಇಂಜೆಕ್ಟರ್ ಅಳವಡಿಸಿದ್ದು, ಅದರಿಂದ ವಾಲ್ವ್‌ಗೆ ತೊಳೆತವೂ ಸಿಗುತ್ತದೆ.

ಹೀಗಾಗಿ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವ ಇರಾದೆಯುಳ್ಳವರಿಗೆ ಕ್ಯಾಚ್ ಕ್ಯಾನ್ ಒಂದಿಷ್ಟು ನೆರವಾಗಬಲ್ಲದು. ಒಂದಿಷ್ಟು ಮಾತ್ರ. ವಾಲ್ವ್ ಕಾಂಡದ ಸೀಲ್‌ನಿಂದ ಜಿನುಗುವ ಎಣ್ಣೆಯೂ ಅಲ್ಲಿಗೇ ಬರುತ್ತದೆ. ಡಬ್ಬಿ ಅದನ್ನು ತಡೆಯಲಾರದು. ಅಲ್ಲದೆ ಇಂದಿನ ಎಂಜಿನ್‌ಗಳಲ್ಲಿ ತಯಾರಕರೇ ಎಣ್ಣೆ ಬೇರ್ಪಡಿಸುವ ಅಂಕುಡೊಂಕಿನ ಕೋಣೆಯೊಂದನ್ನು ಒಳಗೆ ನಿರ್ಮಿಸಿರುತ್ತಾರೆ. ಹೊರಗಿನ ಡಬ್ಬಿಯ ಪಾಲಿಗೆ ಸಿಗುವುದು ಅದರಿಂದ ತಪ್ಪಿಸಿಕೊಂಡದ್ದು ಮಾತ್ರ. ಮೈಲೇಜ್ ಹೆಚ್ಚುತ್ತದೆ ಎಂಬ ಮಾತನ್ನು ಇಲ್ಲಿಗೇ ಬಿಡುವುದು ಲೇಸು.

ಡೀಸೆಲ್ ಎಂಜಿನ್‌ಗಳ ಕಥೆ ಬೇರೆ. ಅಲ್ಲಿ ಇಜಿಆರ್ ಮೂಲಕ ಮರಳಿ ಬರುವ ಮಸಿ ಈ ಎಣ್ಣೆಯೊಂದಿಗೆ ಕಲಸಿ ಮ್ಯಾನಿಫೋಲ್ಡ್‌ನಲ್ಲಿ ಕಪ್ಪು ಹಿಟ್ಟಿನಂತೆ ಕೂರುತ್ತದೆ. ಆಸ್ಟ್ರೇಲಿಯಾದಲ್ಲಿ ದೊಡ್ಡ ಡೀಸೆಲ್ ವಾಹನಗಳಿಗೆ ಜರ್ಮನಿಯ ಮಾನ್ ಪ್ಲಸ್ ಹುಮ್ಮೆಲ್ ಕಂಪನಿಯ ‘ಪ್ರೊವೆಂಟ್’ ಎಂಬ ಸೋಸುಕವನ್ನು ಹಾಕಿಸುವ ರೂಢಿ ಇರುವುದು ಈ ಕಾರಣಕ್ಕೆ.

ಡಬ್ಬಿಯ ಒಳಗೇನಿದೆ?

ಕೆಲಸದ ಗುಟ್ಟಿರುವುದು ಡಬ್ಬಿಯ ಹೊಳಪಿನಲ್ಲಲ್ಲ, ಒಳರಚನೆಯಲ್ಲಿ. ಕಿರಿದಾದ ಪೈಪಿನಿಂದ ಬಂದ ಅನಿಲ ಅಗಲವಾದ ಜಾಗದಲ್ಲಿ ನಿಧಾನವಾಗುತ್ತದೆ, ತಂಪಾಗುತ್ತದೆ, ಅಡ್ಡತಡಿಕೆಗಳಿಗೂ ಜಾಲರಿಗೂ ಬಡಿಯುತ್ತದೆ. ಹಗುರವಾದ ಅನಿಲ ತಿರುಗಿ ಹೊರಟರೆ, ಭಾರವಾದ ಹನಿಗಳು ತಿರುಗಲಾರದೆ ಅಲ್ಲೇ ಅಂಟಿ, ಒಂದಕ್ಕೊಂದು ಕೂಡಿ ಕೆಳಗೆ ಬೀಳುತ್ತವೆ. ತಡಿಕೆಯಾಗಲಿ ಜಾಲರಿಯಾಗಲಿ ಇಲ್ಲದ ಬರಿಯ ಡಬ್ಬಿಗಳೂ ಅಗ್ಗದ ಬೆಲೆಗೆ ಮಾರಾಟಕ್ಕಿವೆ. ಅವುಗಳಲ್ಲಿ ಎಣ್ಣೆಯ ಮಂಜು ಒಂದು ಬಾಯಿಂದ ಬಂದು ಇನ್ನೊಂದು ಬಾಯಿಂದ ನಿರಾತಂಕವಾಗಿ ಹೋಗುತ್ತದೆ. ಕೊಳ್ಳುವ ಮುನ್ನ ಮುಚ್ಚಳ ತೆಗೆಸಿ ನೋಡುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಜೋಡಣೆಯ ತಪ್ಪುಗಳು ಇನ್ನೂ ದುಬಾರಿ. ಎಣ್ಣೆ ತಾಳದ ಸಾಮಾನ್ಯ ರಬ್ಬರ್ ಪೈಪ್ ಕೆಲವೇ ತಿಂಗಳಲ್ಲಿ ಮೆತ್ತಗಾಗಿ ಉಬ್ಬುತ್ತದೆ. ಕ್ಲ್ಯಾಂಪ್ ಸಡಿಲವಾದರೆ ಸೆನ್ಸರ್‌ನ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಚೆಕ್ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಪೈಪ್ ಮಡಚಿಕೊಂಡರೆ ಅಥವಾ ಜಾಲರಿ ಕಟ್ಟಿಕೊಂಡರೆ ಕೆಳಕೋಣೆಯಲ್ಲಿ ಒತ್ತಡ ಏರಿ ಸೀಲ್‌ಗಳು ಸೋರತೊಡಗುತ್ತವೆ. ಡಬ್ಬಿಯನ್ನು ಖಾಲಿ ಮಾಡಲು ಮರೆತರಂತೂ ಅಪಾಯ ಖಚಿತ. ತುಂಬಿದ ಡಬ್ಬಿಯಿಂದ ಎಣ್ಣೆ ಒಮ್ಮೆಲೇ ಎಂಜಿನ್‌ಗೆ ನುಗ್ಗಬಹುದು. ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಇಂಧನವಾಗಿ ಉರಿಸಿ ಹಿಡಿತ ತಪ್ಪಿ ಓಡಬಲ್ಲದು. ಆಗ ಕೀಲಿ ತಿರುಗಿಸಿದರೂ ಅದು ನಿಲ್ಲುವುದಿಲ್ಲ.

ಪೈಪನ್ನು ಎಂಜಿನ್‌ಗೆ ಮರಳಿ ಜೋಡಿಸದೆ, ಡಬ್ಬಿಯ ಮೇಲೊಂದು ಪುಟ್ಟ ಫಿಲ್ಟರ್ ಇಟ್ಟು ಹೊಗೆಯನ್ನು ಬಯಲಿಗೆ ಬಿಡುವ ಪದ್ಧತಿಯೂ ಇದೆ. ಇದು ಬಂದಿರುವುದು ರೇಸ್ ಅಂಗಳದಿಂದ. ಅಲ್ಲಿ ಎಂಜಿನ್‌ನ ಎಣ್ಣೆ ಟ್ರ್ಯಾಕ್ ಮೇಲೆ ಚೆಲ್ಲಬಾರದೆಂಬುದೇ ಮುಖ್ಯ. ಎಫ್‌ಐಎ ನಿಯಮಗಳು 2000 ಸಿಸಿವರೆಗಿನ ಕಾರಿಗೆ 2 ಲೀಟರ್, ಅದಕ್ಕೂ ದೊಡ್ಡದಕ್ಕೆ 3 ಲೀಟರ್ ಸಾಮರ್ಥ್ಯದ ಡಬ್ಬಿಯನ್ನು ಕೇಳುತ್ತವೆ. ಊರಿನ ರಸ್ತೆಯಲ್ಲಿ ಇದೇ ಕೆಲಸ ಮಾಡಿದರೆ 1960ಕ್ಕೂ ಹಿಂದಿನ ಕಾಲಕ್ಕೆ ಮರಳಿದಂತೆ. ಕೆಳಕೋಣೆಯ ಅನಿಲ ಹೊರಗೆ ಬರಲೇಬಾರದೆಂಬುದು ಪೆಟ್ರೋಲ್ ಕಾರುಗಳಿಗೆ ಭಾರತ್ ಸ್ಟೇಜ್ ಮಾನದಂಡಗಳ ಷರತ್ತು.

ಕಾನೂನಿನ ದೃಷ್ಟಿಯಿಂದಲೂ ಎಚ್ಚರ ಅಗತ್ಯ. ಮೋಟಾರು ವಾಹನ ಕಾಯ್ದೆಯಲ್ಲಿ ಕ್ಯಾಚ್ ಕ್ಯಾನ್‌ನ ಪ್ರಸ್ತಾಪವಿಲ್ಲ. ಆದರೆ 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಬಾನೆಟ್ ತೆರೆಸಿ ನೋಡುವ ಪೊಲೀಸರು ಅಪರೂಪವಿರಬಹುದು, ಸರ್ವೀಸ್ ಕೇಂದ್ರದವರು ನೋಡದಿರುವುದು ಸಾಧ್ಯವಿಲ್ಲ. ಮಾರ್ಪಾಡಿನಿಂದ ಆದ ಹಾನಿಗೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲವಾದ್ದರಿಂದ, ಆ ಅವಧಿ ಮುಗಿಯುವವರೆಗೆ ಕೈಹಾಕದಿರುವುದೇ ಸೂಕ್ತ. ಅಲ್ಲಿಯವರೆಗೆ ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಡಬ್ಬಿಗಿಂತ ದೊಡ್ಡ ರಕ್ಷಣೆ. ಟರ್ಬೊ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳನ್ನು ಕಾಡುವ ಅಕಾಲಿಕ ಉರಿಯುವಿಕೆಗೆ ಸಿಲಿಂಡರ್ ಸೇರುವ ಎಣ್ಣೆಹನಿಗಳೂ ಒಂದು ಕಾರಣ. ಅದನ್ನು ತಗ್ಗಿಸುವ ಪರೀಕ್ಷೆಯನ್ನು ಒಳಗೊಂಡ ‘ಎಪಿಐ ಎಸ್‌ಪಿ’ ದರ್ಜೆ 2020ರಿಂದ ಜಾರಿಯಲ್ಲಿದೆ.

ಈಗಾಗಲೇ ಹಾಕಿಸಿಕೊಂಡವರು ಡಬ್ಬಿಯಲ್ಲಿ ಸೇರಿದ್ದನ್ನು ಗಮನಿಸುತ್ತಿರಬೇಕು. ಮಳೆಗಾಲದಲ್ಲಿ, ಅದರಲ್ಲೂ ಮನೆಯಿಂದ ಕಚೇರಿಗೆ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ, ಕಾಫಿ ಬಣ್ಣದ ನೊರೆಯಂಥ ದ್ರವ ಕಂಡರೆ ಅದು ಬಹುತೇಕ ನೀರು ಮತ್ತು ಎಣ್ಣೆಯ ಮಿಶ್ರಣ. ಎಂಜಿನ್ ಪೂರ್ತಿ ಕಾಯದಿರುವುದು ಅದಕ್ಕೆ ಕಾರಣ. ಆದರೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಬೇಕು. ಅಚ್ಚ ಎಣ್ಣೆಯೇ ಬೇಗಬೇಗ ತುಂಬುತ್ತಿದ್ದರೆ ದೋಷ ರಿಂಗ್‌ನಲ್ಲೋ ಪಿಸಿವಿ ವಾಲ್ವ್‌ನಲ್ಲೋ ಇದೆ. ಆಗ ಇನ್ನೂ ದೊಡ್ಡ ಡಬ್ಬಿ ಹುಡುಕುವ ಬದಲು ಮೆಕ್ಯಾನಿಕ್‌ಗೆ ಹೇಳಿ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಬಸಿದ ದ್ರವದಲ್ಲಿ ನೀರು, ಪೆಟ್ರೋಲ್, ಆಮ್ಲ ಎಲ್ಲವೂ ಇರುವುದರಿಂದ ಅದನ್ನು ಎಂಜಿನ್‌ಗೆ ಮರಳಿ ಸುರಿಯಬಾರದು, ಚರಂಡಿಗೂ ಚೆಲ್ಲಬಾರದು. ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜ್‌ಗೆ ಕೊಡಬಹುದು.