ಬೀರು ಸೇರಿದ ಪಿಎಸ್‌ಪಿಯನ್ನು ಹೊರಗೆ ತೆಗೆಯಿರಿ

ಮೊದಲು ಬ್ಯಾಟರಿ ನೋಡಿ. ಕೈಲಿ ಹಿಡಿದು ಆಡುವ ಸೋನಿಯ ಗೇಮ್ ಯಂತ್ರ ಪಿಎಸ್‌ಪಿಯ ಹಳೇದೊಂದನ್ನು ತಂದು ಕೈಗಿಟ್ಟು "ಇದಕ್ಕೆ ಕಸ್ಟಮ್ ಫರ್ಮ್‌ವೇರ್ ಹಾಕಿಕೊಡಿ" ಅನ್ನುವವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದು. ಹಿಂಬದಿಯ ಮುಚ್ಚಳ ಸ್ವಲ್ಪವೇ ಎದ್ದುಕೊಂಡಿದ್ದರೂ ಒಳಗಿನ ಬ್ಯಾಟರಿ ಊದಿದೆಯೆಂದೇ ತಿಳಿಯಿರಿ. ಅದನ್ನು ಚಾರ್ಜಿಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ. ತೆಗೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹೊಸದನ್ನು ಮಾಡೆಲ್ ನೋಡಿಯೇ ಕೊಳ್ಳಬೇಕು: ದಪ್ಪಗಿನ 1000 ಮಾಡೆಲ್‌ನದು 1800 ಎಂಎಎಚ್, ತೆಳ್ಳಗಿನ 2000 ಮತ್ತು 3000ದ್ದು 1200.

ನಮ್ಮ ಅಕ್ಕನ ಮಗ ದಾವಣಗೆರೆಯಿಂದ ತಂದದ್ದು 3000. ಅವನಪ್ಪ ಮದುವೆಗೆ ಮುಂಚೆ ಕೊಂಡದ್ದು. ಡಿಸ್ಕ್ ಹಾಕಿದರೆ ಗೊರಗೊರ ಸದ್ದು ಮಾಡಿ ಸುಮ್ಮನಾಗುತ್ತಿತ್ತು. "ಮಾಮ, ಅಪ್ಪ ಗುಜರಿಗೆ ಹಾಕು ಅಂತಾರೆ. ನೀವೊಂದ್ಸಲ ನೋಡ್ತೀರಾ?" ಅಂದ. ನೋಡದೆ ಇರಲು ನನ್ನಿಂದಾಗದು. 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಸೋನಿ ಬಿಡುಗಡೆ ಮಾಡಿದ ಈ ಯಂತ್ರ ಜಗತ್ತಿನಾದ್ಯಂತ ಸುಮಾರು 8 ಕೋಟಿ ಮಾರಾಟವಾಯಿತು. 2014ರಲ್ಲಿ ಅದರ ಕಾಲ ಮುಗಿಯಿತು. 2021ರಲ್ಲಿ ಪಿಎಸ್‌ಪಿಯಿಂದಲೇ ಆಟ ಕೊಳ್ಳುವ ವ್ಯವಸ್ಥೆಯೂ ನಿಂತಿತು. ತಯಾರಿಸಿದವರು ಕೈಬಿಟ್ಟ ಮೇಲೆ, ದುಡ್ಡು ಕೊಟ್ಟು ಕೊಂಡವರಾದರೂ ಅದನ್ನು ಉಳಿಸಿಕೊಳ್ಳಬೇಕು. ಕಸ್ಟಮ್ ಫರ್ಮ್‌ವೇರ್ ಮೇಲೆ ನನಗಿರುವ ಪ್ರೀತಿಗೆ ಕಾರಣ ಇಷ್ಟೇ.

ಸ್ವಿಚ್ ತಳ್ಳಿದೊಡನೆ ಎಲ್ಲಕ್ಕಿಂತ ಮುಂಚೆ ಏಳುವ ತಂತ್ರಾಂಶವೇ ಫರ್ಮ್‌ವೇರ್. ಯಂತ್ರದೊಳಗಿನ ಫ್ಲ್ಯಾಶ್ ಚಿಪ್ಪಿನಲ್ಲಿ ಅದರ ವಾಸ. ಯಾವ ಪ್ರೋಗ್ರಾಂ ಓಡಬೇಕು, ಯಾವುದು ಓಡಬಾರದು ಅನ್ನುವುದನ್ನು ತೀರ್ಮಾನಿಸುವುದು ಅದೇ. ಸೋನಿಯ ಡಿಜಿಟಲ್ ಸಹಿ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಕಸ್ಟಮ್ ಫರ್ಮ್‌ವೇರ್ ಅಂದರೆ ಅದೇ ತಂತ್ರಾಂಶ, ಅದೇ ಮೆನು. ಆದರೆ ಸಹಿ ಕೇಳುವ ತಪಾಸಣೆಯನ್ನು ಸಡಿಲಿಸಿರುತ್ತಾರೆ. ಆಗ ಹವ್ಯಾಸಿಗಳು ಬರೆದ ಆಟಗಳು, ಪಿಡಿಎಫ್ ಓದುವ ಬುಕರ್‌ನಂಥ ಪ್ರೋಗ್ರಾಂಗಳು ಓಡುತ್ತವೆ.

ಈ ಬೀಗ ತೆಗೆದವರ ಜಾಣತನ ನೆನೆದರೆ ಈಗಲೂ ಖುಷಿಯಾಗುತ್ತದೆ. 2005ರಲ್ಲಿ, 2.00 ಆವೃತ್ತಿಯ ಪಿಎಸ್‌ಪಿಯನ್ನು ಒಂದು ಟಿಫ್ ಚಿತ್ರ ಬಿಚ್ಚಿತು! ಚಿತ್ರ ತೋರಿಸುವ ಕೋಡ್ ಅಳತೆ ನೋಡದೆ ಮಾಹಿತಿ ತುಂಬಿಕೊಳ್ಳುತ್ತಿತ್ತು. ಮೀಸಲಿಟ್ಟ ಜಾಗ ಮೀರಿ ತುಳುಕಿದ ಭಾಗದಲ್ಲಿ ಅಡಗಿದ್ದ ಸೂಚನೆಗಳನ್ನು ಯಂತ್ರ ಪಾಲಿಸಿಬಿಡುತ್ತಿತ್ತು. 2007ರಲ್ಲಿ ಬಂದ ಪಂಡೋರಾ ಬ್ಯಾಟರಿಯಂತೂ ಇನ್ನೂ ಸೊಗಸು. ಪಿಎಸ್‌ಪಿಯ ಬ್ಯಾಟರಿಯೊಳಗೊಂದು ಪುಟ್ಟ ಚಿಪ್, ಅದರಲ್ಲೊಂದು ಸರಣಿ ಸಂಖ್ಯೆ. ಆ ಸಂಖ್ಯೆಯನ್ನು ಬದಲಿಸಿದರೆ ಯಂತ್ರ ಸರ್ವೀಸ್ ಮೋಡಿಗೆ ಹೋಗಿ, ಒಳಗಿನ ಫ್ಲ್ಯಾಶ್ ಬಿಟ್ಟು ಮೆಮೊರಿ ಸ್ಟಿಕ್‌ನಿಂದ ಎದ್ದೇಳುತ್ತಿತ್ತು. ಸತ್ತೇಹೋದವು ಅಂದುಕೊಂಡಿದ್ದ ಎಷ್ಟೋ ಹಳೇ ಪಿಎಸ್‌ಪಿಗಳು ಹಾಗೆ ಬದುಕಿದವು. ಆ ದಾರಿ 3000ಕ್ಕೆ ನಡೆಯಲಿಲ್ಲ; ಅಷ್ಟರಲ್ಲಿ ಸೋನಿ ಅದನ್ನು ಮುಚ್ಚಿತ್ತು.

ಈಗ ಇಷ್ಟೆಲ್ಲ ಸಾಹಸ ಬೇಡ. ಸೆಟ್ಟಿಂಗ್ಸ್‌ನೊಳಗೆ ಸಿಸ್ಟಮ್ ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಆವೃತ್ತಿ ಕಾಣುತ್ತದೆ. ಸೋನಿಯ ಕೊನೆಯ ಆವೃತ್ತಿ 6.61, ಅಲ್ಲಿಗೆ ತಂದುಕೊಳ್ಳುವುದು ಒಳ್ಳೆಯದು. ಈ ಅಪ್‌ಡೇಟಿಗೆ ಚಾರ್ಜ್ ಆಗಿರುವ ಬ್ಯಾಟರಿಯೂ ಬೇಕು, ಚಾರ್ಜರ್ ಸಿಕ್ಕಿಸಿಯೂ ಇರಬೇಕು. ಫ್ಲ್ಯಾಶ್ ಬರೆಯುವ ಮಧ್ಯೆ ಕರೆಂಟ್ ಹೋದರೆ ಯಂತ್ರ ಮತ್ತೆ ಏಳದಿರಬಹುದು. ನಾನು ಮೊದಲು ಬ್ಯಾಟರಿ ನೋಡಿ ಅನ್ನುವುದು ಇದಕ್ಕೂ ಸೇರಿಯೇ.

ಕಂಪ್ಯೂಟರಿಗೆ ಜೋಡಿಸಲು ಮಿನಿ ಯುಎಸ್‌ಬಿ ಕೇಬಲ್ ಬೇಕು. ಹಳೇ ಡಿಜಿಟಲ್ ಕ್ಯಾಮೆರಾದ್ದು ಮನೆಯಲ್ಲಿದ್ದರೆ ಹುಡುಕಿ. ಮೆಮೊರಿ ಸ್ಟಿಕ್ ಪ್ರೊ ಡುಯೊ ಹೆಸರಿನಲ್ಲಿ ನಕಲಿ ಕಾರ್ಡುಗಳು ಬಹಳ ಓಡಾಡುತ್ತವೆ. ಮೈಕ್ರೊ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರ್ ತೆಗೆದುಕೊಂಡು ಅದನ್ನು ಪಿಎಸ್‌ಪಿಯಲ್ಲೇ ಫಾರ್ಮ್ಯಾಟ್ ಮಾಡಿ. ಹಳೇ ಕಾರ್ಡಿನ ಪಿಎಸ್‌ಪಿ ಫೋಲ್ಡರಿನೊಳಗಿರುವ ಸೇವ್‌ಡೇಟಾವನ್ನು ಯಾವುದಕ್ಕೂ ಮುಂಚೆ ಕಂಪ್ಯೂಟರಿಗೆ ನಕಲಿಸಿ. ಹುಡುಗನ ಅಪ್ಪ ಎಷ್ಟೋ ರಾತ್ರಿ ಎದ್ದು ಗೆದ್ದ ಆಟಗಳು ಅದರಲ್ಲಿದ್ದವು.

ನಾನು ಬಳಸಿದ್ದು ಆರ್ಕ್-4 ಎಂಬ ಕಸ್ಟಮ್ ಫರ್ಮ್‌ವೇರ್. ಅದರ ಲೋಡರ್ ಇರುವ ಫೋಲ್ಡರ್ ಗೇಮ್ ಫೋಲ್ಡರಿಗೆ, ಇನ್ನೊಂದು ಸೇವ್‌ಡೇಟಾಕ್ಕೆ. ಆಮೇಲೆ ಗೇಮ್ ಮೆನುವಿನಲ್ಲಿ ಲೋಡರನ್ನು ಓಡಿಸಿದರಾಯಿತು. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿದಾಗ ಹುಡುಗ "ಏನೂ ಆಗಿಲ್ವಲ್ಲ ಮಾಮ" ಅಂದ. ಮೆನು ಹಾಗೇ ಇತ್ತು. ಸೆಲೆಕ್ಟ್ ಬಟನ್ ಒತ್ತು ಅಂದೆ. ಹೊಸದೊಂದು ಪಟ್ಟಿ ತೆರೆದುಕೊಂಡಿತು.

ಅವನ ಡ್ರೈವ್ ಓದುತ್ತಿರಲಿಲ್ಲವಾದ್ದರಿಂದ, ಅವನಪ್ಪನ ಯುಎಂಡಿ ಡಿಸ್ಕ್‌ಗಳನ್ನು ಕಸ್ಟಮ್ ಫರ್ಮ್‌ವೇರ್ ಇರುವ ನನ್ನ 1000ದಲ್ಲಿ ಹಾಕಿದೆವು. ಸೆಲೆಕ್ಟ್ ಒತ್ತಿದಾಗ ಬರುವ ಪಟ್ಟಿಯಲ್ಲಿ ಯುಎಸ್‌ಬಿ ಆಯ್ಕೆಯನ್ನು ಯುಎಂಡಿಗೆ ಬದಲಿಸಿದರೆ ಡಿಸ್ಕ್ ಕಂಪ್ಯೂಟರಿನಲ್ಲಿ ಒಂದೇ ಐಎಸ್‌ಒ ಫೈಲಾಗಿ ಕಾಣುತ್ತದೆ. ಅದನ್ನು ಕಾರ್ಡಿನ ಐಎಸ್‌ಒ ಫೋಲ್ಡರಿಗೆ ಹಾಕಿದರೆ ಮೋಟಾರಿನ ಹಂಗಿಲ್ಲದೆ ಆಡಬಹುದು. ಕೊಳ್ಳದ ಆಟಗಳನ್ನು ಎಲ್ಲಿಂದಲೋ ಇಳಿಸಿಕೊಡಿ ಎಂದು ಕೇಳುವವರಿಗೆ ನಾನು ಸಹಾಯ ಮಾಡುವುದಿಲ್ಲ. ಅದು ಕಳ್ಳತನ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಂ ಕೂಡ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದನ್ನು ಅಪರಾಧ ಅನ್ನುತ್ತದೆ.

ಹೀಗೆ ಹಾಕಿದ ಫರ್ಮ್‌ವೇರ್ ಯಂತ್ರ ಪೂರ್ತಿ ಆರಿದರೆ ಹೋಗುತ್ತದೆ. ಲೋಡರನ್ನು ಮತ್ತೆ ಓಡಿಸಬೇಕು. ಶಾಶ್ವತವಾಗಿ ಫ್ಲ್ಯಾಶಿಗೆ ಬರೆದುಬಿಡೋಣ ಎಂದು ಹುಡುಗ ಹಠ ಹಿಡಿದ. ಬೇಡ ಅಂದೆ. ಸ್ಲೀಪ್‌ನಲ್ಲಿಟ್ಟರೆ ಅದು ಹಾಗೇ ಉಳಿಯುತ್ತದೆ, ಪೂರ್ತಿ ಆರಿದರೂ ಮತ್ತೆ ಓಡಿಸಲು ಅರೆ ನಿಮಿಷ ಸಾಕು. ಮದರ್‌ಬೋರ್ಡಿನ ನಂಬರ್ ಓದಿ, ತನ್ನ ಮಾಡೆಲ್‌ಗೆ ಏನು ಒಗ್ಗುತ್ತದೆ ಎಂದು ಅವನೇ ತಿಳಿದುಕೊಂಡು ಬಂದ ದಿನ ಬರೆಯೋಣ ಅಂತ ಮಾತಾಗಿದೆ.